‘ಕಾರ್ಮಿಕನ ನಿರ್ಲಕ್ಷ್ಯ’ ಅಂತ ಬರೆಯುವ ಮೊದಲು: ಕೆಲಸ ಕೊಡುವವರಿಗೊಂದು ಬಹಿರಂಗ ಪತ್ರ

ಮಾನ್ಯ ಮಾಲೀಕರೇ, ಮ್ಯಾನೇಜರುಗಳೇ, ಗುತ್ತಿಗೆದಾರರೇ,

ನಮಸ್ಕಾರ. ನಿಮ್ಮ ಕೈಕೆಳಗೆ ಐದು ಜನ ಇರಬಹುದು, ಐದು ಸಾವಿರ ಜನ ಇರಬಹುದು. ಕಾರ್ಖಾನೆ, ಕಟ್ಟಡದ ಕೆಲಸ, ಗೋಡೌನ್, ಆಸ್ಪತ್ರೆ, ಆಫೀಸು ಯಾವುದಾದರೂ ಆಗಲಿ, ಈ ಪತ್ರ ನಿಮಗೇ.

ನಾನು ಶಾಪ್‌ಫ್ಲೋರಿನಲ್ಲಿ ಸುರಕ್ಷತೆಯ ಕೆಲಸ ನೋಡಿಕೊಂಡು ಬಂದವನು. ಅಪಘಾತದ ವರದಿಗಳನ್ನು ರಾಶಿಗಟ್ಟಲೆ ಓದಿದ್ದೇನೆ. ಆ ವರದಿಯಲ್ಲಿ ‘ಕಾರಣ’ ಅಂತ ಒಂದು ಕಾಲಂ ಇರುತ್ತದೆ. ಅಲ್ಲಿ ಮತ್ತೆ ಮತ್ತೆ ಕಾಣುವುದು ಎರಡೇ ಪದ: ಕಾರ್ಮಿಕನ ನಿರ್ಲಕ್ಷ್ಯ. ಬೆರಳು ಕಳೆದುಕೊಂಡವನ ವರದಿಯಲ್ಲೂ ಅದೇ. ಮೇಲಿಂದ ಬಿದ್ದವನದ್ದರಲ್ಲೂ ಅದೇ. ಕರೆಂಟ್ ಹೊಡೆದು ಸತ್ತವನದ್ದರಲ್ಲೂ ಅದೇ. ಗಾಯಾಳು ಇನ್ನೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರುವುದಿಲ್ಲ, ಆ ಕಾಲಂ ಭರ್ತಿಯಾಗಿರುತ್ತದೆ. ಮಾತಾಡಲು ಆಗದವನ ತಲೆಗೆ ಗೂಬೆ ಕೂರಿಸುವುದು ಸುಲಭ, ಅಲ್ವಾ?

ನಾನು ಹೇಳಬೇಕಾದದ್ದು ಒಂದೇ. ಕಾನೂನು ಆ ಕಾಲಮ್ಮಿನಿಂದ ಶುರುವಾಗುವುದಿಲ್ಲ. ನಿಮ್ಮಿಂದ ಶುರುವಾಗುತ್ತದೆ. ‘ಅವನು ಯಾಕೆ ಕೈ ಹಾಕಿದ’ ಅಂತ ಅದು ಮೊದಲು ಕೇಳುವುದಿಲ್ಲ. ‘ಕೈ ಹೋಗುವಂಥ ಜಾಗ ಅಲ್ಲಿ ಯಾಕಿತ್ತು, ಅದನ್ನು ಮುಚ್ಚಬೇಕಾದವರು ಯಾರು’ ಅಂತ ಕೇಳುತ್ತದೆ.

ಇದು ನನ್ನ ಸ್ವಂತ ಅಭಿಪ್ರಾಯ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1981ರಲ್ಲಿ ಮಾಡಿದ 155ನೇ ಒಡಂಬಡಿಕೆಯ 16ನೇ ವಿಧಿ ತೆಗೆದು ನೋಡಿ. ಮಾಲೀಕನ ಹಿಡಿತದಲ್ಲಿರುವ ಜಾಗ, ಯಂತ್ರ, ಸಲಕರಣೆ, ಕೆಲಸದ ವಿಧಾನ ಇವೆಲ್ಲ ಸಾಧ್ಯವಿರುವ ಮಟ್ಟಿಗೆ ಅಪಾಯವಿಲ್ಲದಂತೆ ಇರುವುದನ್ನು ಮಾಲೀಕನೇ ಖಾತ್ರಿ ಮಾಡಬೇಕು ಅನ್ನುತ್ತದೆ ಅದು. ಬ್ರಿಟನ್ನಿನ 1974ರ ಸುರಕ್ಷತಾ ಕಾಯ್ದೆಯ ಜೀವಾಳ ಇದೇ. ಅಮೆರಿಕದಲ್ಲಿ 1970ರ ಕಾಯ್ದೆ ಇದನ್ನೇ ಮಾಲೀಕರ ಸಾಮಾನ್ಯ ಕರ್ತವ್ಯ ಅಂತ ಇಟ್ಟಿದೆ. ಭಾರತದಲ್ಲಿ ಕಾರ್ಖಾನೆ ಕಾಯ್ದೆಗೆ 1987ರಲ್ಲಿ, ಭೋಪಾಲ್ ಆದ ಮೇಲೆ, ಇದೇ ಕರ್ತವ್ಯವನ್ನು ಸೇರಿಸಿದರು. 2022ರ ಜೂನ್‌ನಲ್ಲಿ ಅದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸುರಕ್ಷಿತವಾದ, ಆರೋಗ್ಯಕರವಾದ ಕೆಲಸದ ಜಾಗವನ್ನು ಕೆಲಸಗಾರರ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. ಅಂದರೆ ಜೀತ, ಬಾಲಕಾರ್ಮಿಕ ಪದ್ಧತಿ ಬೇಡ ಅನ್ನುವುದು ಎಷ್ಟು ಗಟ್ಟಿಯೋ ಇದೂ ಅಷ್ಟೇ ಗಟ್ಟಿ. ಒಡಂಬಡಿಕೆಗೆ ಸಹಿ ಹಾಕದ ಸದಸ್ಯ ದೇಶಗಳೂ ಇದನ್ನು ಗೌರವಿಸಬೇಕು.

‘ನಾವು ಸೇಫ್ಟಿ ಆಫೀಸರ್ ಇಟ್ಟಿದ್ದೇವಲ್ಲ’ ಅನ್ನುತ್ತೀರಿ. ಇದು ತುಂಬಾ ಹಳೇ ಉತ್ತರ. ಅದಕ್ಕಿಂತ ಹಳೆಯದು ‘ಇಷ್ಟ ಇಲ್ಲದಿದ್ದರೆ ಆ ಕೆಲಸ ಮಾಡಬಾರದಿತ್ತು’ ಅನ್ನುವುದು. ಎರಡೂ ಕೋರ್ಟು ಹತ್ತಿ ಇಳಿದಿವೆ.

1837ರಲ್ಲಿ ಇಂಗ್ಲೆಂಡಿನ ಕೋರ್ಟಿಗೆ ಒಂದು ಮೊಕದ್ದಮೆ ಬಂತು. ಮಾಂಸದಂಗಡಿಯ ಆಳೊಬ್ಬ ಮಾಲೀಕನ ಬಂಡಿಯಲ್ಲಿ ಹೋಗುತ್ತಿದ್ದ. ಬಂಡಿಗೆ ಮಿತಿಮೀರಿ ಸರಕು ಹೇರಿದ್ದರು. ಬಂಡಿ ಮುರಿಯಿತು, ಅವನ ತೊಡೆಮೂಳೆಯೂ ಮುರಿಯಿತು. ಅಪಾಯ ಅನ್ನಿಸಿದ್ದರೆ ಹತ್ತದೇ ಇರಬಹುದಿತ್ತಲ್ಲ, ಮಾಲೀಕ ತನ್ನ ಬಗ್ಗೆ ವಹಿಸುವುದಕ್ಕಿಂತ ಜಾಸ್ತಿ ಕಾಳಜಿಯನ್ನು ಆಳಿನ ಬಗ್ಗೆ ವಹಿಸಬೇಕಾಗಿಲ್ಲ ಅಂದಿತು ಕೋರ್ಟು. ಆ ತೀರ್ಪಿನಿಂದ ಇನ್ನೊಂದು ವಾದ ಬೆಳೆಯಿತು. ಜೊತೆ ಕೆಲಸಗಾರನ ತಪ್ಪಿನಿಂದ ಪೆಟ್ಟಾದರೆ ಮಾಲೀಕ ಹೊಣೆಯಲ್ಲ ಅನ್ನುವ ವಾದ. ಅದರ ಹಿಂದೆ ಎಷ್ಟೋ ಮಾಲೀಕರು ದಶಕಗಟ್ಟಲೆ ಅಡಗಿ ಕೂತರು.

ಸರಿಯಾಗಿ ನೂರು ವರ್ಷಕ್ಕೆ ಗಾಳಿ ತಿರುಗಿತು. ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿಯೊಂದರಲ್ಲಿ ಕಾರ್ಮಿಕನೊಬ್ಬ ಹಗಲು ಶಿಫ್ಟ್ ಮುಗಿಸಿ, ಬಂಡಿ ಎಳೆಯುವ ದಾರಿಯಲ್ಲೇ ಹೊರಗೆ ಬರುತ್ತಿದ್ದ. ಅಷ್ಟರಲ್ಲಿ ಎಳೆಯುವ ಯಂತ್ರ ಚಾಲೂ ಮಾಡಿದರು. ಪಕ್ಕದ ಗೂಡಿಗೆ ಸರಿದುಕೊಳ್ಳುವ ಮೊದಲೇ ಅವನು ಬಂಡಿಗೆ ಸಿಕ್ಕಿ ಜಜ್ಜಿ ಗಾಯಗೊಂಡ. ಗಣಿ ನೋಡಿಕೊಳ್ಳಲು ಅರ್ಹತೆ ಇರುವ ಮನುಷ್ಯನನ್ನು ನೇಮಿಸಿದ್ದೆವು, ನಮ್ಮ ಜವಾಬ್ದಾರಿ ಅಲ್ಲಿಗೆ ಮುಗಿಯಿತು ಅಂದರು ಮಾಲೀಕರು. ಆ ಮಾತನ್ನು ಆಗ ಬ್ರಿಟನ್ನಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ 1937ರಲ್ಲಿ ಒಪ್ಪಲಿಲ್ಲ. ಕೆಲಸ ಬಲ್ಲ ಜನ, ಸರಿಯಾದ ಸಾಮಾನು, ಸುರಕ್ಷಿತವಾದ ಕೆಲಸದ ಪದ್ಧತಿ ಇವನ್ನು ಒದಗಿಸುವುದು ಮಾಲೀಕನ ಸ್ವಂತ ಕರ್ತವ್ಯ. ಆ ಕೆಲಸವನ್ನು ಯಾರ ಕೈಯಿಂದ ಬೇಕಾದರೂ ಮಾಡಿಸಬಹುದು, ಆದರೆ ಹೊಣೆಯನ್ನು ದಾಟಿಸಲು ಬರುವುದಿಲ್ಲ ಅಂದಿತು.

ಹಾಗಾಗಿ ಸೇಫ್ಟಿ ಆಫೀಸರನ್ನು ಖಂಡಿತ ಇಡಿ. ಅವನು ನಿಮ್ಮ ಕಣ್ಣು, ಕಿವಿ. ನಿಮ್ಮ ಬದಲಿಗೆ ಕಟಕಟೆ ಹತ್ತಲು ಇಟ್ಟುಕೊಂಡವನಲ್ಲ.

ಇನ್ನು ‘ಸಾಧ್ಯವಿರುವ ಮಟ್ಟಿಗೆ’ ಅನ್ನುವ ಮಾತು. ಇದನ್ನು ನೋಡಿದ ಕೂಡಲೇ ಎಷ್ಟೋ ಜನರಿಗೆ ನಿಟ್ಟುಸಿರು. ಆದಷ್ಟು ಮಾಡೋಣ, ಆಗದಿದ್ದರೆ ಬಿಡೋಣ ಅಂತ ಓದಿಕೊಳ್ಳುತ್ತಾರೆ. ಕೋರ್ಟು ಹಾಗೆ ಓದಿಲ್ಲ. 1949ರಲ್ಲಿ ಇಂಗ್ಲೆಂಡಿನ ಕೋರ್ಟಿಗೆ ಗಣಿಯೊಳಗಿನ ದಾರಿಯ ಬದಿ ಕುಸಿದು ಒಬ್ಬ ಸತ್ತ ಪ್ರಕರಣ ಬಂತು. ದಾರಿಯ ಉದ್ದಕ್ಕೂ ಆಸರೆ ಕೊಡುವುದು ತುಂಬಾ ಖರ್ಚಿನ ಬಾಬತ್ತು ಅನ್ನುವುದು ಅಲ್ಲಿನ ವಾದ. ಕೋರ್ಟು ಹೇಳಿದ್ದು ಇಷ್ಟು: ಒಂದು ತಟ್ಟೆಯಲ್ಲಿ ಅಪಾಯ ಇಡಿ, ಇನ್ನೊಂದರಲ್ಲಿ ಅದನ್ನು ತಪ್ಪಿಸಲು ಬೇಕಾದ ಹಣ, ಸಮಯ, ತೊಂದರೆ ಇಡಿ. ಎರಡನೆಯದು ಮೊದಲನೆಯದಕ್ಕಿಂತ ಅಳತೆಗೆ ಸಿಗದಷ್ಟು ಭಾರವಾಗಿದ್ದರೆ ಮಾತ್ರ ನಿಮಗೆ ಬಿಡುಗಡೆ. ಹಾಗಿದೆ ಅಂತ ತೋರಿಸಬೇಕಾದವರೂ ನೀವೇ. ತೂಗುವ ಕೆಲಸ ಆಗಬೇಕಾದದ್ದು ಅಪಘಾತಕ್ಕೆ ಮೊದಲು. ಈ ವರ್ಷ ಲಾಭ ಕಡಿಮೆ ಅನ್ನುವುದನ್ನು ಯಾವ ತಟ್ಟೆಗೂ ಹಾಕುವ ಹಾಗಿಲ್ಲ.

ಈಗ ಸ್ವಲ್ಪ ಯಂತ್ರದ ಹತ್ತಿರ ಬನ್ನಿ.

ತಗಡಿನ ಭಾಗ ಒತ್ತುವ ಒಂದು ಪವರ್ ಪ್ರೆಸ್ ಇದೆ ಅಂದುಕೊಳ್ಳಿ. ಮುಂದೆ ಜಾಲರಿಯ ಗಾರ್ಡ್. ಗಾರ್ಡಿಗೆ ಒಂದು ಲಿಮಿಟ್ ಸ್ವಿಚ್. ಗಾರ್ಡ್ ಮುಚ್ಚಿದ್ದರೆ ಮಾತ್ರ ಪ್ರೆಸ್ ಇಳಿಯುತ್ತದೆ, ತೆರೆದರೆ ನಿಲ್ಲುತ್ತದೆ. ಒಂದು ದಿನ ಆ ಸ್ವಿಚ್ಚಿನ ಎರಡು ತುದಿಗೂ ಸೇರಿಸಿ ಯಾರೋ ಒಂದು ಗೇಣು ವೈರ್ ಸಿಕ್ಕಿಸುತ್ತಾರೆ. ಇನ್ನು ಗಾರ್ಡ್ ತೆರೆದೇ ಇದ್ದರೂ ಪ್ರೆಸ್ ಓಡುತ್ತದೆ. ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಆಮೇಲೆ ಒಂದು ದಿನ ಬೆರಳು ಹೋಗುತ್ತದೆ. ವರದಿ ಸಿದ್ಧ: ಗಾರ್ಡ್ ಬೈಪಾಸ್ ಮಾಡಿ ಕೆಲಸ ಮಾಡಿದ್ದಾನೆ, ಕಾರ್ಮಿಕನ ನಿರ್ಲಕ್ಷ್ಯ.

ಆ ವೈರ್ ಮೇಲೆ ಕೂತಿರುವ ಧೂಳು ನೋಡಿದ್ದೀರಾ? ನಾನು ಮೊದಲು ನೋಡುವುದು ಅದನ್ನೇ. ಧೂಳು, ಎಣ್ಣೆ ಜಿಡ್ಡು ದಪ್ಪಗೆ ಕೂತಿದ್ದರೆ ಆ ವೈರ್ ನಿನ್ನೆ ಮೊನ್ನೆಯದಲ್ಲ. ಅದರ ಮುಂದೆ ಸೂಪರ್‌ವೈಸರ್ ದಿನಾ ಓಡಾಡಿದ್ದಾನೆ. ಮೆಂಟೆನೆನ್ಸಿನವರು ಅದರ ಪಕ್ಕದಲ್ಲೇ ಗ್ರೀಸ್ ಹಾಕಿದ್ದಾರೆ. ಆಡಿಟ್‌ಗೆ ಬಂದವರು ಚೆಕ್‌ಲಿಸ್ಟಿನಲ್ಲಿ ‘ಗಾರ್ಡ್ ಇದೆ’ ಅಂತ ಟಿಕ್ ಹಾಕಿದ್ದಾರೆ. ಗಾರ್ಡ್ ಇತ್ತು, ಸುಳ್ಳಲ್ಲ.

ವೈರ್ ಯಾಕೆ ಬಂತು ಅಂತ ಕೆದಕಿದರೆ ಕಥೆ ಬೇರೆಯೇ ಇರುತ್ತದೆ. ತಗಡಿಗೆ ಆಕಾರ ಕೊಡುವ ಅಚ್ಚು, ಅಂದರೆ ಡೈ, ಸವೆದಿದೆ, ಐದು ನಿಮಿಷಕ್ಕೊಮ್ಮೆ ತುಂಡು ಸಿಕ್ಕಿಕೊಳ್ಳುತ್ತದೆ. ಸಿಕ್ಕಿದಾಗಲೆಲ್ಲ ಗಾರ್ಡ್ ತೆರೆದು, ತೆಗೆದು, ಮುಚ್ಚಿ, ಮತ್ತೆ ಚಾಲೂ ಮಾಡಬೇಕು. ಶಿಫ್ಟಿಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇದೆ. ಡೈ ಸವೆದರೂ ಟಾರ್ಗೆಟ್ ಇಳಿದಿಲ್ಲ. ಡೈ ಬದಲಿಸಿ ಅಂತ ಕೇಳಿದ್ದಕ್ಕೆ ‘ಮುಂದಿನ ತಿಂಗಳು ನೋಡೋಣ’ ಅಂದಿದ್ದಾರೆ. ಪೀಸ್ ಕಮ್ಮಿಯಾದರೆ ಶಿಫ್ಟ್ ಕೊನೆಯಲ್ಲಿ ಬೈಗುಳ. ವೈರ್ ಹಾಕಿದ ಮೇಲೆ ಪೀಸ್ ಸರಿಹೋದವು, ಬೈಗುಳ ನಿಂತಿತು. ಆ ಗೇಣು ವೈರಿನಿಂದ ಬಂದ ಲಾಭ ಯಾರಿಗೆ ಹೋಯಿತು? ಕೈ ಯಾರದ್ದು ಹೋಯಿತು?

ಕೆಲಸಗಾರರು ಯಾವತ್ತೂ ತಪ್ಪೇ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಮಾಡುತ್ತಾರೆ. ಅವರಿಗೂ ಕಾನೂನು ಕರ್ತವ್ಯ ಹೇಳಿದೆ: ಕೊಟ್ಟ ರಕ್ಷಣೆಯನ್ನು ಬಳಸಬೇಕು, ಕೆಡಿಸಬಾರದು, ಅಪಾಯ ಕಂಡರೆ ತಿಳಿಸಬೇಕು. ಮೋಜಿಗೆ ಸುಮ್ನೆ ಸ್ವಿಚ್ ಕಿತ್ತುಹಾಕುವವನೂ ಎಲ್ಲೋ ಒಬ್ಬ ಇರುತ್ತಾನೆ. ಆದರೆ ದಣಿದವನು, ಆತುರದವನು, ಮನೆಯ ಚಿಂತೆಯಲ್ಲಿ ಮೈಮರೆತವನು ಕೆಲಸದ ಜಾಗದಲ್ಲಿ ಇದ್ದೇ ಇರುತ್ತಾರೆ. ಅವರನ್ನೂ ಲೆಕ್ಕಕ್ಕೆ ಇಟ್ಟುಕೊಂಡೇ ಗಾರ್ಡ್ ಹಾಕಬೇಕು ಅಂತ ಕೋರ್ಟುಗಳು ಹಿಂದೆಯೇ ಹೇಳಿವೆ. ಸದಾ ಎಚ್ಚರವಾಗಿರುವ, ಒಂದು ದಿನವೂ ಸುಸ್ತಾಗದ ಕೆಲಸಗಾರ ಸಿಗುವುದಾದರೆ ಗಾರ್ಡ್ ಯಾಕೆ ಬೇಕಿತ್ತು?

ಆದ್ದರಿಂದ ನನ್ನ ಮೊದಲ ಬೇಡಿಕೆ. ‘ಕಾರಣ’ದ ಕಾಲಮ್ಮನ್ನು ಮೊದಲ ದಿನ ಖಾಲಿ ಬಿಡಿ. ಈ ತಪ್ಪು ಮಾಡಲು ಅವನಿಗೆ ದಾರಿ ಮಾಡಿಕೊಟ್ಟದ್ದು ಏನು, ಅದು ಯಾರಿಗೆಲ್ಲ ಗೊತ್ತಿತ್ತು, ಗೊತ್ತಿದ್ದವರು ಏನು ಮಾಡಿದರು ಅಂತ ಬರೆದ ಮೇಲೆ ಕಾಲಂ ತುಂಬಿಸಿ. ಈ ಪತ್ರ ಓದುತ್ತಿರುವ ಇನ್‌ಸ್ಪೆಕ್ಟರುಗಳಿಗೂ ಒಂದು ಮಾತು: ಬರೀ ‘ನಿರ್ಲಕ್ಷ್ಯ’ ಅಂತ ಬರೆದುಕೊಂಡು ಬಂದ ವರದಿಯನ್ನು ದಯವಿಟ್ಟು ವಾಪಸ್ ಕಳಿಸಿ.

ಇದು ಸಣ್ಣ ಪ್ರೆಸ್ಸಿನ ಮಾತಷ್ಟೇ ಅಲ್ಲ. ಭೋಪಾಲ್ ನೆನಪಿಸಿಕೊಳ್ಳಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ತೊಟ್ಟಿಯಿಂದ ಮೀಥೈಲ್ ಐಸೊಸಯನೇಟ್ ಸೋರಿತು. ಊರಿಗೆ ಊರೇ ಉಸಿರುಗಟ್ಟಿತು. ಕಂಪನಿ ಕೊಟ್ಟ ಕಾರಣ ಏನು? ಅಸಮಾಧಾನಗೊಂಡ ಒಬ್ಬ ಕೆಲಸಗಾರ ಬೇಕಂತಲೇ ತೊಟ್ಟಿಗೆ ನೀರು ಬಿಟ್ಟ ಅಂತ. ಈ ವಾದವನ್ನು ಬಹಳ ಜನ ಒಪ್ಪಲಿಲ್ಲ. ವಾದಕ್ಕೋಸ್ಕರ ಒಪ್ಪೋಣ. ಆಗಲೂ ಪ್ರಶ್ನೆಗಳು ಹಾಗೇ ನಿಲ್ಲುತ್ತವೆ. ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ಸುಟ್ಟುಹಾಕುವ ಗೋಪುರ ಪೈಪ್ ಬಿಚ್ಚಿಟ್ಟು ಕೆಲಸಕ್ಕೆ ಬಾರದಂತೆ ನಿಂತಿತ್ತು. ಅನಿಲವನ್ನು ತೊಳೆಯುವ ಸ್ಕ್ರಬ್ಬರ್ ಚಾಲೂ ಸ್ಥಿತಿಯಲ್ಲಿ ಇರಲಿಲ್ಲ. ಇವನ್ನೆಲ್ಲ ಹಾಗೆ ಇಟ್ಟದ್ದು ಯಾವ ಕೆಲಸಗಾರನ ನಿರ್ಲಕ್ಷ್ಯ? ಮುಂದಿನ ವರ್ಷ ದೆಹಲಿಯ ಒಂದು ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಪ್ರಕರಣದಲ್ಲಿ 1986ರ ಡಿಸೆಂಬರ್‌ನಲ್ಲಿ ಭಾರತದ ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿತು. ಅಪಾಯಕಾರಿ ಉದ್ಯಮ ನಡೆಸುವವರ ಹೊಣೆ ಸಂಪೂರ್ಣ, ಅದನ್ನು ಇನ್ನೊಬ್ಬರಿಗೆ ದಾಟಿಸುವ ಹಾಗಿಲ್ಲ, ನಾವು ಎಲ್ಲ ಎಚ್ಚರ ವಹಿಸಿದ್ದೆವು ಅನ್ನುವುದೂ ಉತ್ತರವಲ್ಲ ಅಂತ.

ಹೆಲ್ಮೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೆಲ್ಮೆಟ್, ಗ್ಲೌಸ್, ಮಾಸ್ಕ್ ಎಲ್ಲ ಬೇಕು. ಆದರೆ ಸುರಕ್ಷತೆಯ ಸಾಲಿನಲ್ಲಿ ಅವು ಕೊನೆಯವು. ಮೊದಲು ಅಪಾಯವನ್ನೇ ತೆಗೆಯಲು ಆಗುತ್ತದಾ ನೋಡಬೇಕು. ಆಗದಿದ್ದರೆ ಕಮ್ಮಿ ಅಪಾಯದ ವಸ್ತು ಬಳಸಬೇಕು. ಅದೂ ಆಗದಿದ್ದರೆ ಮುಚ್ಚಬೇಕು, ಬೇಲಿ ಹಾಕಬೇಕು, ಹೊಗೆ ಎಳೆಯುವ ಫ್ಯಾನ್ ಇಡಬೇಕು. ಆಮೇಲೆ ಪದ್ಧತಿ, ತರಬೇತಿ. ಇಷ್ಟೆಲ್ಲ ಆದ ಮೇಲೂ ಉಳಿಯುವ ಅಪಾಯಕ್ಕೆ ಹೆಲ್ಮೆಟ್. ನಮ್ಮಲ್ಲಿ ಬಹಳ ಜನ ಕೊನೆಯಿಂದ ಶುರುಮಾಡಿ ಅಲ್ಲೇ ನಿಲ್ಲುತ್ತಾರೆ, ಯಾಕಂದ್ರೆ ಹೆಲ್ಮೆಟ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಇನ್ನೊಂದು ವಿಷಯ: ಅದರ ದುಡ್ಡನ್ನು ಸಂಬಳದಲ್ಲಿ ಮುರಿದುಕೊಳ್ಳಬೇಡಿ. ಸುರಕ್ಷತೆಯ ಯಾವ ಕ್ರಮಕ್ಕೂ ಕೆಲಸಗಾರನ ಜೇಬಿಗೆ ಖರ್ಚು ಬೀಳಬಾರದು ಅಂತ ನಾನು ಮೇಲೆ ಹೇಳಿದ ಒಡಂಬಡಿಕೆಯ 21ನೇ ವಿಧಿಯಲ್ಲೇ ಇದೆ.

ಅಪಘಾತ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಾರೆ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರಲ್ಲಿ ಕೊಟ್ಟ ಅಂದಾಜು ನೋಡಿ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಜನ ಕೆಲಸದ ಕಾರಣಕ್ಕೆ ಸಾಯುತ್ತಾರೆ. ಅದರಲ್ಲಿ ಅಪಘಾತದಿಂದ ಸಾಯುವವರು 3.3 ಲಕ್ಷ. ಉಳಿದ 26 ಲಕ್ಷ ಜನರನ್ನು ಕೊಲ್ಲುವುದು ಕೆಲಸ ಅಂಟಿಸಿದ ಕಾಯಿಲೆ.

ಕಲ್ಲು ಕತ್ತರಿಸುವವನನ್ನೇ ತೆಗೆದುಕೊಳ್ಳಿ. ಒಣ ಕಲ್ಲಿನ ಮೇಲೆ ಬ್ಲೇಡ್ ಓಡಿದಾಗ ಏಳುವ ಬಿಳಿ ಮೋಡ ಕಾಣುತ್ತದೆ. ಆದರೆ ಶ್ವಾಸಕೋಶದ ತಳಕ್ಕೆ ಇಳಿಯುವುದು ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣ. ಅದು ಅಲ್ಲೇ ಕೂತು ಗಾಯ ಮಾಡುತ್ತದೆ, ಗಾಯ ಕಲೆಯಾಗುತ್ತದೆ, ಕಲೆಯಾದ ಭಾಗ ಗಾಳಿ ಹಿಡಿಯುವುದಿಲ್ಲ. ಸಿಲಿಕೋಸಿಸ್ ಅಂದರೆ ಇದೇ. ಬಂದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ. ಸಾಮಾನ್ಯವಾಗಿ ವರ್ಷಗಟ್ಟಲೆ ಧೂಳು ಕುಡಿದ ಮೇಲೆ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ಅವನು ನಿಮ್ಮ ಹತ್ತಿರ ಕೆಲಸದಲ್ಲಿ ಇರುವುದಿಲ್ಲ, ನಿಮ್ಮ ರಿಜಿಸ್ಟರಿನಲ್ಲೂ ಇರುವುದಿಲ್ಲ. ಕೆಮ್ಮಿಗೆ ಟಿಬಿ ಔಷಧಿ ನುಂಗುತ್ತಾ ಎಲ್ಲೋ ಇರುತ್ತಾನೆ. ಇಂಥವನ ಮೇಲೆ ನಿರ್ಲಕ್ಷ್ಯ ಹೊರಿಸುವುದಕ್ಕೂ ಬರುವುದಿಲ್ಲ. ಅವನು ಮಾಡಿದ ತಪ್ಪು ಉಸಿರಾಡಿದ್ದು.

ತಪ್ಪಿಸುವುದು ದೊಡ್ಡ ವಿದ್ಯೆ ಅಲ್ಲ. ಬ್ಲೇಡಿಗೆ ನೀರು ಬಿಟ್ಟು ಕತ್ತರಿಸಿದರೆ ಧೂಳು ಬಹುಪಾಲು ಅಲ್ಲೇ ಕೂರುತ್ತದೆ. ಧೂಳು ಎಳೆಯುವ ವ್ಯವಸ್ಥೆಯನ್ನು ಉಪಕರಣಕ್ಕೇ ಜೋಡಿಸಬಹುದು. ಒಣಗಿದ ಧೂಳನ್ನು ಪೊರಕೆಯಿಂದ ಗುಡಿಸಬಾರದು, ಏರ್ ಹೋಸ್ ಹಿಡಿದು ಊದಲೇಬಾರದು. ಗಾಳಿಯಲ್ಲಿ ಧೂಳು ಎಷ್ಟಿದೆ ಅಂತ ಅಳೆಯುವುದು, ಕೆಲಸಗಾರರ ಶ್ವಾಸಕೋಶ ಪರೀಕ್ಷೆ ಮಾಡಿಸುವುದು, ಅದರ ಫಲಿತಾಂಶವನ್ನು ಅವರಿಗೇ ಹೇಳುವುದು ನಿಮ್ಮ ಕೆಲಸ. ಕೊನೆಯದನ್ನು ಬಹಳ ಕಡೆ ಮಾಡುವುದಿಲ್ಲ. ಎಕ್ಸ್‌ರೇ ಫೈಲಿನಲ್ಲಿ, ಫೈಲು ಬೀರುವಿನಲ್ಲಿ. 1700ರ ಸುಮಾರಿಗೆ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝಿನಿ, ರೋಗಿಯನ್ನು ನೋಡುವಾಗ ‘ನಿನ್ನ ಕಸುಬೇನು’ ಅಂತ ತಪ್ಪದೆ ಕೇಳಿ ಅಂತ ಉಳಿದ ವೈದ್ಯರಿಗೆ ಹೇಳಿದ್ದ. ಮೂರು ಶತಮಾನ ದಾಟಿತು. ಇವತ್ತಿಗೂ ಆ ಪ್ರಶ್ನೆ ಕೇಳದ ವೈದ್ಯರು ಎಷ್ಟು ಜನ!

ಆಫೀಸು ನಡೆಸುವವರು ‘ನಮಗಿದು ಸಂಬಂಧವಿಲ್ಲ’ ಅಂತ ಪುಟ ತಿರುಗಿಸಬೇಡಿ. ಮೇಲಧಿಕಾರಿಯ ಕಿರುಕುಳ, ಕೊನೆಯಿಲ್ಲದ ಡ್ಯೂಟಿ ಕೂಡ ಆರೋಗ್ಯದ ವಿಷಯವೇ. ಕೆಲಸದ ಜಾಗದ ಹಿಂಸೆ, ಕಿರುಕುಳದ ವಿರುದ್ಧ 2019ರಿಂದ ಪ್ರತ್ಯೇಕವಾಗಿ 190ನೇ ಒಡಂಬಡಿಕೆಯೇ ಇದೆ.

ಈಗ ಗುತ್ತಿಗೆಯ ವಿಷಯ. ಅಪಘಾತವಾದಾಗ ಕೇಳಿಬರುವ ಇನ್ನೊಂದು ಮಾತು, ‘ಅವನು ನಮ್ಮವನಲ್ಲ, ಕಂಟ್ರಾಕ್ಟರ್ ಕಡೆಯವನು’. ಜಾಗ ನಿಮ್ಮದು, ಯಂತ್ರ ನಿಮ್ಮದು, ಕೆಲಸ ನಿಮ್ಮದು, ಮೈ ಮಾತ್ರ ಬೇರೆಯವರದಾ? ಒಂದೇ ಜಾಗದಲ್ಲಿ ಎರಡು ಮೂರು ಸಂಸ್ಥೆಗಳ ಜನ ಕೆಲಸ ಮಾಡುವಾಗ ಎಲ್ಲರೂ ಕೂಡಿ ಸುರಕ್ಷತೆ ನೋಡಿಕೊಳ್ಳಬೇಕು ಅಂತ ಕಾನೂನು ಹೇಳುತ್ತದೆ. ಜಾಗ ಯಾರ ಹಿಡಿತದಲ್ಲಿದೆಯೋ ಅವರ ಹೊಣೆ ಕಂಟ್ರಾಕ್ಟರ್ ಬಂದ ಅಂತ ಕರಗುವುದಿಲ್ಲ.

ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ 1988ರ ಜುಲೈ 6ರಂದು ಏನಾಯಿತು ಅಂತ ಪ್ರತಿಯೊಬ್ಬ ಮ್ಯಾನೇಜರೂ ಓದಬೇಕು. ಅಲ್ಲಿ ಎರಡು ಪಂಪ್ ಇದ್ದವು. ಹಗಲು ಶಿಫ್ಟಿನಲ್ಲಿ ಒಂದು ಪಂಪಿನ ಸೇಫ್ಟಿ ವಾಲ್ವನ್ನು ರಿಪೇರಿಗೆ ಬಿಚ್ಚಿದರು. ಆ ಜಾಗಕ್ಕೆ ತಾತ್ಕಾಲಿಕವಾಗಿ ಒಂದು ಮುಚ್ಚಳ ಕೂರಿಸಿದರು. ಕೆಲಸ ಮುಗಿಯಲಿಲ್ಲ. ವಾಲ್ವ್ ಇಲ್ಲ ಅನ್ನುವ ಸುದ್ದಿ ರಾತ್ರಿ ಶಿಫ್ಟಿನವರಿಗೆ ಮುಟ್ಟಲಿಲ್ಲ. ರಾತ್ರಿ ಇನ್ನೊಂದು ಪಂಪ್ ಕೈಕೊಟ್ಟಿತು. ವಾಲ್ವ್ ಇಲ್ಲದ ಪಂಪನ್ನು ಚಾಲೂ ಮಾಡಿದರು. ಮುಚ್ಚಳದ ಸಂದಿಯಿಂದ ಅನಿಲ ನುಗ್ಗಿ ಸ್ಫೋಟವಾಯಿತು. 167 ಜನ ಸತ್ತರು. ಸತ್ತವರಲ್ಲಿ ಬಹುಪಾಲು ಜನ ಗುತ್ತಿಗೆ ಕಂಪನಿಗಳವರು. ರಿಪೇರಿಗೆ ಮೊದಲು ಬರಹದಲ್ಲಿ ಅನುಮತಿ ಪಡೆಯುವ ಪರ್ಮಿಟ್ ಪದ್ಧತಿ ಕಾಗದದ ಮೇಲೆ ಇತ್ತು. ವಿಚಾರಣೆ ನಡೆಸಿದ ಲಾರ್ಡ್ ಕಲೆನ್ 1990ರಲ್ಲಿ 106 ಶಿಫಾರಸುಗಳನ್ನು ಕೊಟ್ಟರು. ಅದರಲ್ಲಿ ಮುಖ್ಯವಾದದ್ದು, ವೇದಿಕೆ ಸುರಕ್ಷಿತವಾಗಿದೆ ಅಂತ ನಡೆಸುವವರೇ ಮೊದಲು ತೋರಿಸಿಕೊಡಬೇಕು ಅನ್ನುವುದು. ಇನ್‌ಸ್ಪೆಕ್ಟರ್ ಬಂದು ತಪ್ಪು ಹುಡುಕುವ ತನಕ ಕಾಯುವ ಕಾಲ ಅಲ್ಲಿಗೆ ಮುಗಿಯಿತು.

ಕಾಗದದ ಮಾತು ಬಂತಲ್ಲ, ತರಬೇತಿ ರಿಜಿಸ್ಟರ್ ಬಗ್ಗೆಯೂ ಹೇಳಿಬಿಡುತ್ತೇನೆ. ಹೊಸಬ ಗೇಟಿನಲ್ಲಿ ಬರುತ್ತಾನೆ. ಅವನಿಗೆ ಬಾರದ ಭಾಷೆಯಲ್ಲಿ ನಾಲ್ಕು ಪುಟ ಅಚ್ಚಾಗಿದೆ. ಕೊನೆ ಪುಟದಲ್ಲಿ ‘ನನಗೆ ಎಲ್ಲ ಅಪಾಯಗಳನ್ನೂ ವಿವರಿಸಲಾಗಿದೆ’ ಅಂತ ಇದೆ. ಸಹಿ ಮಾಡು ಅನ್ನುತ್ತಾರೆ, ಮಾಡುತ್ತಾನೆ. ಹತ್ತು ನಿಮಿಷದಲ್ಲಿ ಯಂತ್ರದ ಮುಂದೆ ನಿಂತಿರುತ್ತಾನೆ. ಆ ಸಹಿ ನಿಮ್ಮನ್ನು ಕಾಯುತ್ತದೆ ಅಂದುಕೊಂಡಿದ್ದರೆ ಅದು ಭ್ರಮೆ. ಕಾನೂನು ಕೇಳುವುದು ಅವನಿಗೆ ತಿಳಿಯಿತಾ ಅಂತ, ಸಹಿ ಬಿತ್ತಾ ಅಂತ ಅಲ್ಲ.

ತಿಳಿಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮುಚ್ಚಿದ ತೊಟ್ಟಿಗಳು, ಮ್ಯಾನ್‌ಹೋಲುಗಳು ಸಾಕ್ಷಿ. ಕೊಳೆತ ನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡಿಗೆ ಮೊದಲು ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ. ಜಾಸ್ತಿಯಾದಾಗ ಮೂಗು ಅದನ್ನು ಹಿಡಿಯುವುದನ್ನೇ ನಿಲ್ಲಿಸುತ್ತದೆ. ಇಳಿದವನು ವಾಸನೆ ಹೋಯಿತು ಅಂದುಕೊಳ್ಳುತ್ತಾನೆ, ಮರುಗಳಿಗೆ ಬೀಳುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಮೂರನೆಯವನು ಇಳಿಯುತ್ತಾನೆ. ಸತ್ತವರಲ್ಲಿ ಒಬ್ಬ ಮಾತ್ರ ಕೆಲಸಕ್ಕೆ ಇಳಿದವನು, ಉಳಿದವರು ಬಿಡಿಸಲು ಹೋದವರು. ಗಾಳಿ ಅಳೆಯುವ ಮೀಟರ್, ಗಾಳಿ ಊದುವ ಬ್ಲೋವರ್, ಸೊಂಟಕ್ಕೆ ಹಗ್ಗ, ಮೇಲೆ ಕಾಯುವ ಒಬ್ಬ ಮನುಷ್ಯ ಮತ್ತು ‘ಏನೇ ಆದರೂ ಹಾಗೇ ಇಳಿಯಬೇಡ’ ಅನ್ನುವ ಪಾಠ ಮೊದಲೇ ಬೇಕು. ಎಲ್ಲಕ್ಕಿಂತ ಮೊದಲು, ಮನುಷ್ಯ ಇಳಿಯದೆ ಯಂತ್ರದಿಂದ ಈ ಕೆಲಸ ಆಗುತ್ತದಾ ಅಂತ ಕೇಳಿಕೊಳ್ಳಬೇಕು. ಬಹಳ ಸಲ ಆಗುತ್ತದೆ.

ಗೇಟಿನ ಹತ್ತಿರ ‘ಅಪಘಾತವಿಲ್ಲದ ಇಷ್ಟು ದಿನಗಳು’ ಅಂತ ಬೋರ್ಡು ಹಾಕುತ್ತೀರಲ್ಲ, ಅದರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಅದಕ್ಕೆ ಬೋನಸ್ ಬೇರೆ ಕಟ್ಟಿದರೆ ಮುಗಿಯಿತು. ಬೆರಳು ಜಜ್ಜಿಕೊಂಡವನು ಬಟ್ಟೆ ಸುತ್ತಿಕೊಂಡು ಶಿಫ್ಟ್ ಮುಗಿಸುತ್ತಾನೆ, ಯಾಕಂದ್ರೆ ಹೇಳಿದರೆ ಜೊತೆಯವರ ಬೋನಸ್ಸೂ ಹೋಗುತ್ತದೆ. ಬೋರ್ಡಿನ ಅಂಕಿ ಏರುತ್ತದೆ, ಅಪಾಯ ಇದ್ದಲ್ಲೇ ಇರುತ್ತದೆ. ಅದರ ಬದಲು ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನು ಎಣಿಸಿ. ಮೇಲಿಂದ ಸ್ಪ್ಯಾನರ್ ಬಿತ್ತು, ಯಾರಿಗೂ ತಾಗಲಿಲ್ಲ. ಇಂಥದ್ದನ್ನು ಬಂದು ಹೇಳಿದವನಿಗೆ ಥ್ಯಾಂಕ್ಸ್ ಹೇಳಿ.

ಸಣ್ಣ ಮಾಲೀಕರ ಕಷ್ಟ ನನಗೆ ಗೊತ್ತಿದೆ. ನಾಲ್ಕೈದು ಜನರನ್ನು ಇಟ್ಟುಕೊಂಡು ತಾವೂ ಅವರ ಜೊತೆಗೇ ಗ್ರೈಂಡರ್ ಹಿಡಿದು ನಿಲ್ಲುವವರು ಕಾನೂನಿನ ಪುಸ್ತಕ ಕಂಡರೆ ಹೆದರುವುದು ಸಹಜ. ಆ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡು ದಪ್ಪ ಫೈಲು ಮಾರುವವರೂ ಇದ್ದಾರೆ. ಒಳಗೆ ತೆಗೆದು ನೋಡಿದರೆ ಇನ್ಯಾವುದೋ ಕಾರ್ಖಾನೆಯ ಹೆಸರು ಅಳಿಸಿ ನಿಮ್ಮ ಹೆಸರು ಹಾಕಿರುತ್ತಾರೆ. ಕಾಟಾಚಾರದ ಆ ಫೈಲಿಗೆ ಕೊಡುವ ದುಡ್ಡಲ್ಲಿ ಗ್ರೈಂಡರಿಗೆ ಗಾರ್ಡ್ ಹಾಕಿಸಿ, ಸೀಳಿದ ವೈರ್ ಬದಲಿಸಿ. ನಿಮ್ಮಿಂದ ಕಾನೂನು ಕೇಳುವುದು ನಿಮ್ಮ ಜಾಗದಲ್ಲಿ ಯಾರಿಗೆ ಏನು ಆಗಬಹುದು ಅಂತ ನೀವೇ ನಿಂತು ನೋಡುವುದು, ನೋಡಿದ್ದಕ್ಕೆ ಏನಾದರೂ ಮಾಡುವುದು. ಒಂದು ಹಾಳೆಯಲ್ಲಿ ನಿಮ್ಮ ಮಾತಲ್ಲೇ ಬರೆದಿಟ್ಟರೆ ಆ ದಪ್ಪ ಫೈಲಿಗಿಂತ ಎಷ್ಟೋ ವಾಸಿ.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು.

ಬಾಂಗ್ಲಾದೇಶದ ಢಾಕಾ ಹೊರವಲಯದ ರಾಣಾ ಪ್ಲಾಜಾ ಕಟ್ಟಡದಲ್ಲಿ 2013ರ ಏಪ್ರಿಲ್ 23ರಂದು ಬಿರುಕು ಕಾಣಿಸಿತು. ಜನರನ್ನು ಹೊರಗೆ ಕಳಿಸಿದರು. ಕೆಳಗಿನ ಮಹಡಿಗಳ ಬ್ಯಾಂಕು, ಅಂಗಡಿಗಳು ಮರುದಿನ ಬಾಗಿಲು ತೆರೆಯಲಿಲ್ಲ. ಮೇಲಿನ ಮಹಡಿಗಳ ಗಾರ್ಮೆಂಟ್ಸ್ ಕೆಲಸಗಾರರು ಮಾತ್ರ ಒಳಗೆ ಹೋದರು. ಒಳಗೆ ಹೋಗಲು ಅವರು ಹಿಂದೇಟು ಹಾಕಿದ್ದರು. ಬರದಿದ್ದರೆ ಸಂಬಳ ಕೊಡುವುದಿಲ್ಲ ಅಂದಿದ್ದರು. 24ರ ಬೆಳಿಗ್ಗೆ ಕಟ್ಟಡ ಕುಸಿಯಿತು. 1,100ಕ್ಕೂ ಜಾಸ್ತಿ ಜನ ಸತ್ತರು.

ಆ ಬಿರುಕನ್ನು ಅವರು ಕಣ್ಣಾರೆ ಕಂಡಿದ್ದರು. ಇಲ್ಲ ಅನ್ನುವ ಧೈರ್ಯವೂ ಇತ್ತು. ಇಲ್ಲ ಅಂದರೆ ತಿಂಗಳ ಸಂಬಳ ಹೋಗುವುದಿಲ್ಲ ಅನ್ನುವ ಭರವಸೆ ಇರಲಿಲ್ಲ. ಜೀವಕ್ಕೆ ತಕ್ಷಣದ, ಗಂಭೀರ ಅಪಾಯ ಇದೆ ಅಂತ ನಂಬಲು ಸರಿಯಾದ ಕಾರಣವಿದ್ದು ಕೆಲಸ ಬಿಟ್ಟು ಹೊರಗೆ ಬಂದವನಿಗೆ ಯಾವ ಶಿಕ್ಷೆಯೂ ಆಗಬಾರದು ಅಂತ 155ನೇ ಒಡಂಬಡಿಕೆಯ 13ನೇ ವಿಧಿ ಹೇಳುತ್ತದೆ. ಈ ಹಕ್ಕು ನಿಮ್ಮಲ್ಲಿ ಕೆಲಸ ಮಾಡುವ ಎಷ್ಟು ಜನರಿಗೆ ಗೊತ್ತು? ನಾಳೆ ಹೋಗಿ ಕೇಳಿ ನೋಡಿ. ಮ್ಯಾನೇಜರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ, ಅವರು ಜೊತೆಗಿದ್ದರೆ ಎಲ್ಲರಿಗೂ ಗೊತ್ತು ಅನ್ನುವ ಉತ್ತರವೇ ಬರುತ್ತದೆ.

ಕೇಳಿ ಬಂದ ಮೇಲೆ ಒಂದು ಚಿಕ್ಕ ನೋಟಿಸ್ ಬರೆಯಿರಿ. ‘ಜೀವಕ್ಕೆ ಅಪಾಯ ಅನ್ನಿಸಿದರೆ ಕೆಲಸ ನಿಲ್ಲಿಸಿ, ಹೊರಗೆ ಬನ್ನಿ, ನಮಗೆ ಹೇಳಿ. ಅದಕ್ಕಾಗಿ ಒಂದು ಗಂಟೆಯ ಸಂಬಳವನ್ನೂ ಮುರಿಯುವುದಿಲ್ಲ, ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಇದು ಗುತ್ತಿಗೆಯವರಿಗೂ ಅನ್ವಯಿಸುತ್ತದೆ.’ ಇಷ್ಟು ಸಾಕು. ನಿಮ್ಮಲ್ಲಿ ಕೆಲಸ ಮಾಡುವವರಿಗೆ ಯಾವ್ಯಾವ ಭಾಷೆ ಬರುತ್ತದೋ ಅಷ್ಟೂ ಭಾಷೆಯಲ್ಲಿ ಬರೆಸಿ, ಓದಲು ಬಾರದವರಿಗೆ ಓದಿ ಹೇಳಿಸಿ. ಕೆಳಗೆ ಸೇಫ್ಟಿ ಆಫೀಸರ್ ಸಹಿ ಬೇಡ. ಮಾಲೀಕರಾಗಿ ನಿಮ್ಮದೇ ಸಹಿ ಹಾಕಿ.

ಇಂತಿ,
ಶಾಪ್‌ಫ್ಲೋರಿನ ಒಬ್ಬ ಹಳೇ ಸುರಕ್ಷತಾ ಸೂಪರ್‌ವೈಸರ್